ಕಡತದಲ್ಲೇ ಉಳಿದ ಎಚ್ಚರಿಕೆ

1993ರ ಮಾರ್ಚ್ 31, ಬೆಳಗಿನ ಜಾವ ಮೂರೂವರೆ. ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯಲ್ಲಿ, ಗಂಗೆಯ ದಂಡೆಯ ಮೇಲಿರುವ ನರೋರಾ ಅಣುವಿದ್ಯುತ್ ಸ್ಥಾವರ. ಮೊದಲ ಘಟಕದ ಟರ್ಬೈನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿತ್ತು. ಅದರ ಕೊನೆಯ ಹಂತದ ಎರಡು ಬ್ಲೇಡ್‌ಗಳು ಇದ್ದಕ್ಕಿದ್ದಂತೆ ಬುಡದಲ್ಲಿ ಮುರಿದು ಹಾರಿದವು.

ಆ ವೇಗದಲ್ಲಿ ತಿರುಗುವ ಯಂತ್ರದಲ್ಲಿ ಎರಡು ಬ್ಲೇಡ್ ಕಳಚಿದರೆ ಇಡೀ ತೂಕದ ಲೆಕ್ಕಾಚಾರವೇ ತಪ್ಪುತ್ತದೆ. ಯಂತ್ರ ಅದುರಿತು. ಅದರ ಪಕ್ಕದಲ್ಲೇ ಜನರೇಟರ್ ಇತ್ತು. ಬಿಸಿಯನ್ನು ಬೇಗ ಒಯ್ಯುವ ಹಗುರ ಅನಿಲವೆಂದು ಜನರೇಟರನ್ನು ತಂಪಾಗಿಡಲು ಜಲಜನಕವನ್ನು ಬಳಸುತ್ತಾರೆ. ಅದು ಹೊರಬಾರದಂತೆ ತಡೆಯುವ ಸೀಲುಗಳು ಅದುರುವಿಕೆಗೆ ಒಡೆದವು. ಎಣ್ಣೆಯ ಪೈಪುಗಳೂ ಬಿರಿದವು. ಸೋರಿದ ಜಲಜನಕ ಹೊತ್ತಿಕೊಂಡಿತು, ಬೇರಿಂಗುಗಳ ಎಣ್ಣೆ ಆ ಬೆಂಕಿಗೆ ಆಹಾರವಾಯಿತು. ಬೆಂಕಿ ಅಲ್ಲಿಂದ ಕೇಬಲ್‌ಗಳನ್ನು ಹಿಡಿದು ಹೊರಟಿತು.

ಪಾಳಿಯಲ್ಲಿದ್ದ ಸಿಬ್ಬಂದಿ ಒಂದು ನಿಮಿಷ ತುಂಬುವ ಮೊದಲೇ ರಿಯಾಕ್ಟರನ್ನು ಕೈಯಾರೆ ನಿಲ್ಲಿಸಿದರು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಕತೆಯಲ್ಲಿ ತಪ್ಪು ಎಲ್ಲೆಲ್ಲಿ ಇದ್ದರೂ ಆ ರಾತ್ರಿ ಪಾಳಿಯವರಲ್ಲಿ ಇರಲಿಲ್ಲ. ಏಳೆಂಟು ನಿಮಿಷಗಳಲ್ಲಿ ಸ್ಥಾವರದ ಆ ಘಟಕಕ್ಕೆ ಕರೆಂಟ್ ಪೂರ್ತಿ ಹೋಯಿತು. ಹೊರಗಿನ ಗ್ರಿಡ್‌ನಿಂದ ಬರುವ ವಿದ್ಯುತ್ತಿತ್ತು, ಡೀಸೆಲ್ ಜನರೇಟರುಗಳಿದ್ದವು, ಬ್ಯಾಟರಿಗಳಿದ್ದವು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದೇ ಅವನ್ನು ಕಟ್ಟಿದ್ದು. ಆದರೆ ಆ ಎಲ್ಲ ವ್ಯವಸ್ಥೆಗಳ ಕೇಬಲ್‌ಗಳು ಒಂದೇ ದಾರಿಯಲ್ಲಿ, ಒಂದರ ಪಕ್ಕ ಒಂದು ಹಾದುಹೋಗಿದ್ದವು. ಅವುಗಳ ನಡುವೆ ಬೆಂಕಿ ತಡೆಯುವ ಗೋಡೆಯಿರಲಿಲ್ಲ, ಸುತ್ತ ಬೆಂಕಿನಿರೋಧಕ ಹೊದಿಕೆಯಿರಲಿಲ್ಲ. ಒಂದೇ ಬೆಂಕಿ ಎಲ್ಲವನ್ನೂ ಸುಟ್ಟಿತು.

ಗಾಳಿಯ ಕೊಳವೆಗಳ ಮೂಲಕ ದಟ್ಟ ಹೊಗೆ ಕಂಟ್ರೋಲ್ ರೂಮಿಗೆ ನುಗ್ಗಿತು. ಸಿಬ್ಬಂದಿ ಅಲ್ಲಿಂದ ಹೊರಬರಬೇಕಾಯಿತು. ಇಂಥ ಸಂದರ್ಭಕ್ಕೆಂದೇ ಇದ್ದ ತುರ್ತು ನಿಯಂತ್ರಣ ಕೊಠಡಿಗೆ ಹೋದರೆ ಅಲ್ಲಿಯೂ ಕರೆಂಟ್ ಇಲ್ಲ. ರಿಯಾಕ್ಟರ್ ಒಳಗೆ ಉಷ್ಣತೆ ಎಷ್ಟಿದೆ, ನೀರು ಎಷ್ಟಿದೆ, ಒತ್ತಡ ಎಷ್ಟಿದೆ ಎಂದು ತೋರಿಸುವ ಒಂದು ಮುಳ್ಳೂ ಕಣ್ಣಿಗೆ ಬೀಳುವಂತಿರಲಿಲ್ಲ.

ಕೇಳುಗರಲ್ಲಿ ಕೆಲವರಿಗೆ ಅನ್ನಿಸಬಹುದು: ರಿಯಾಕ್ಟರ್ ನಿಂತಾಗಿತ್ತಲ್ಲ, ಮತ್ತೇನು ಭಯ? ಭಯವಿದ್ದದ್ದೇ ಅಲ್ಲಿ. ಒಲೆಯ ಉರಿ ಆರಿಸಿದ ಮೇಲೂ ಕೆಂಡದ ಕಾವು ಉಳಿಯುವಂತೆ, ಪರಮಾಣು ಒಡೆಯುವ ಕ್ರಿಯೆ ನಿಂತ ಮೇಲೂ ಇಂಧನದಲ್ಲಿ ಸೇರಿಕೊಂಡ ವಿಕಿರಣಶೀಲ ವಸ್ತುಗಳು ಶಾಖ ಬಿಡುತ್ತಲೇ ಇರುತ್ತವೆ. ನರೋರಾದ ಘಟಕ 220 ಮೆಗಾವಾಟ್ ವಿದ್ಯುತ್ತಿನದು. ಅಷ್ಟು ವಿದ್ಯುತ್ ತೆಗೆಯಲು ಅದರ ರಿಯಾಕ್ಟರ್ ಸುಮಾರು 750 ಮೆಗಾವಾಟ್ ಶಾಖ ಹುಟ್ಟಿಸುತ್ತದೆ. ನಿಲ್ಲಿಸಿದ ಕ್ಷಣದಲ್ಲೂ ಅದರ ಶೇಕಡಾ ಆರರಷ್ಟು ಉಳಿದಿರುತ್ತದೆ. ಅಂದರೆ 45 ಮೆಗಾವಾಟ್. ಒಂದು ಗಂಟೆಯ ನಂತರ ಅದು ಹತ್ತು ಹನ್ನೊಂದು ಮೆಗಾವಾಟಿಗೆ ಇಳಿಯುತ್ತದೆ, ಒಂದು ದಿನದ ನಂತರವೂ ಪೂರ್ತಿ ಆರುವುದಿಲ್ಲ. ಈ ಶಾಖವನ್ನು ಹೊರಗೆ ಒಯ್ಯದಿದ್ದರೆ ಇಂಧನ ಕರಗುತ್ತದೆ. ಒಯ್ಯಲು ಪಂಪು ಬೇಕು, ಪಂಪಿಗೆ ಕರೆಂಟ್ ಬೇಕು.

ನರೋರಾವನ್ನು ಉಳಿಸಿದ್ದು ಎರಡು ಸಂಗತಿ. ನರೋರಾದಂಥ ಭಾರಜಲದ ರಿಯಾಕ್ಟರುಗಳಲ್ಲಿ ಉಗಿ ಹುಟ್ಟಿಸುವ ಸ್ಟೀಮ್ ಜನರೇಟರುಗಳು ಇಂಧನಕ್ಕಿಂತ ಎತ್ತರದಲ್ಲಿವೆ. ಬಿಸಿಯಾದ ನೀರು ತಾನಾಗಿ ಮೇಲೇರಿ, ತಣಿದು ಕೆಳಗಿಳಿಯುತ್ತದೆ, ಪಂಪಿಲ್ಲದೆಯೂ ಒಂದು ಮಟ್ಟಕ್ಕೆ ಹರಿವು ನಡೆಯುತ್ತದೆ. ಆದರೆ ಮೇಲಿನ ಸ್ಟೀಮ್ ಜನರೇಟರುಗಳಿಗೆ ತಣ್ಣೀರು ಬರುತ್ತಿದ್ದರಷ್ಟೇ ಈ ಸುತ್ತು ನಡೆದೀತು. ಎರಡನೆಯದು, ಬೆಂಕಿ ಆರಿಸಲೆಂದು ಇಟ್ಟಿದ್ದ, ಕರೆಂಟಿನ ಹಂಗಿಲ್ಲದೆ ಡೀಸೆಲ್‌ನಲ್ಲಿ ಓಡುವ ಪಂಪುಗಳು. ಸಿಬ್ಬಂದಿ ಅವನ್ನು ಚಾಲೂ ಮಾಡಿ, ಅಗ್ನಿಶಾಮಕದ ನೀರನ್ನೇ ಸ್ಟೀಮ್ ಜನರೇಟರುಗಳಿಗೆ ತಿರುಗಿಸಿದರು. ರಿಯಾಕ್ಟರ್ ಮತ್ತೆ ಜೀವ ತಳೆಯಬಾರದೆಂದು ಕೆಲವರು ಟಾರ್ಚ್ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲಕ್ಕೆ ಹತ್ತಿದರು. ಕೈಯಿಂದ ವಾಲ್ವ್ ತಿರುಗಿಸಿ ಬೋರಾನ್ ದ್ರಾವಣವನ್ನು ಒಳಕ್ಕೆ ಬಿಟ್ಟರು. ದೊಡ್ಡ ಬೆಂಕಿ ಒಂದೂವರೆ ಗಂಟೆಯಲ್ಲಿ ಹತೋಟಿಗೆ ಬಂತು. ಕರೆಂಟ್ ಮಾತ್ರ 17 ಗಂಟೆ ಇರಲಿಲ್ಲ.

ವಿಕಿರಣ ಹೊರಗೆ ಸೋರಲಿಲ್ಲ, ಯಾರಿಗೂ ವಿಕಿರಣದಿಂದ ಹಾನಿಯಾಗಲಿಲ್ಲ. ಅಂತರರಾಷ್ಟ್ರೀಯ ಏಳು ಹಂತದ ಅಳತೆಯಲ್ಲಿ ಇದನ್ನು ಮೂರನೆಯ ಹಂತದ ಘಟನೆಯೆಂದು ದಾಖಲಿಸಿದರು. ಗಂಗೆಯ ಬಯಲಿನ ಲಕ್ಷಾಂತರ ಜನರಿಗೆ ಆ ರಾತ್ರಿ ಏನಾಗುವುದರಲ್ಲಿತ್ತು ಎಂಬುದು ಬೆಳಗಾದ ಮೇಲೂ ಸರಿಯಾಗಿ ತಿಳಿಯಲಿಲ್ಲ.

ಈಗ ಈ ಮಾತಿನ ಮುಖ್ಯ ಭಾಗಕ್ಕೆ ಬರಬೇಕು. ಆ ಎರಡು ಬ್ಲೇಡ್‌ಗಳು ಯಾರೂ ಊಹಿಸದೆ ಮುರಿದವೇ? ಇಲ್ಲ. ಟರ್ಬೈನ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿನ್ಯಾಸ, ಇಲ್ಲಿ ತಯಾರಿಸಿದ್ದು ಬಿಎಚ್‌ಇಎಲ್. ಇದೇ ಬಗೆಯ ಟರ್ಬೈನ್‌ಗಳ ಕೊನೆಯ ಹಂತದ ಬ್ಲೇಡ್‌ಗಳಲ್ಲಿ ಬಿರುಕು ಕಾಣಿಸುತ್ತಿದೆ, ವಿನ್ಯಾಸ ಬದಲಿಸಬೇಕು ಎಂದು ಜನರಲ್ ಎಲೆಕ್ಟ್ರಿಕ್ 1989ರಲ್ಲೇ ಬಿಎಚ್‌ಇಎಲ್‌ಗೆ ತಿಳಿಸಿತ್ತು. ಬಿಎಚ್‌ಇಎಲ್ ಬದಲಾದ ವಿನ್ಯಾಸವನ್ನು ಸಿದ್ಧಪಡಿಸಿ, ಸ್ಥಾವರ ನಡೆಸುವ ಅಣುವಿದ್ಯುತ್ ನಿಗಮಕ್ಕೆ ಒಪ್ಪಿಸಿತ್ತು. ನರೋರಾದ ಮೊದಲ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 1991ರ ಜನವರಿಯಲ್ಲಿ. ಅಂದರೆ ಎಚ್ಚರಿಕೆ ಬಂದಾಗ ಸ್ಥಾವರ ಇನ್ನೂ ಪೂರ್ತಿಯಾಗಿ ಶುರುವಾಗಿರಲಿಲ್ಲ. ಬ್ಲೇಡ್ ಬದಲಿಸಲು ಅದಕ್ಕಿಂತ ಸುಲಭವಾದ ಕಾಲ ಮತ್ತೊಂದಿಲ್ಲ. ಆದರೂ ಅಪಘಾತವಾಗುವವರೆಗೆ ಬದಲಿಸಲಿಲ್ಲ.

ಕೇಬಲ್‌ಗಳ ಕತೆ ಇನ್ನೂ ಹಳೆಯದು. 1985ರಲ್ಲಿ ರಾಜಸ್ಥಾನದ ಸ್ಥಾವರದಲ್ಲಿ ಕೇಬಲ್ ಜೋಡಣೆಯೊಂದು ಕಾದು ಹೊತ್ತಿಕೊಂಡು, ಬೆಂಕಿ ಕೇಬಲ್ ತಟ್ಟೆಗಳ ಉದ್ದಕ್ಕೂ ಹರಡಿ ಪಂಪುಗಳು ನಿಂತಿದ್ದವು. ಅದಕ್ಕೂ ಹತ್ತು ವರ್ಷ ಮೊದಲು, ಜಗತ್ತಿನ ಪ್ರತಿಯೊಂದು ಅಣುಸ್ಥಾವರದ ಎಂಜಿನಿಯರೂ ಓದಿರಬೇಕಾದ ಒಂದು ಪಾಠ ಅಮೆರಿಕದಲ್ಲಿ ನಡೆದಿತ್ತು.

ಅದು ಅಲಬಾಮಾ ರಾಜ್ಯದ ಬ್ರೌನ್ಸ್ ಫೆರಿ. 1975ರ ಮಾರ್ಚ್ 22ರ ಮಧ್ಯಾಹ್ನ. ಕಂಟ್ರೋಲ್ ರೂಮಿನ ಕೆಳಗೆ ಕೇಬಲ್‌ಗಳನ್ನು ಹರಡಿದ ಕೋಣೆಯಲ್ಲಿ ಗೋಡೆಯ ಸಂದಿನಿಂದ ಗಾಳಿ ಸೋರುತ್ತಿದೆಯೇ ಎಂದು ಕೆಲಸಗಾರರು ಪರೀಕ್ಷಿಸುತ್ತಿದ್ದರು. ಅದಕ್ಕೆ ಬಳಸುತ್ತಿದ್ದದ್ದು ಮೇಣದಬತ್ತಿ. ಜ್ವಾಲೆ ಒಂದು ಕಡೆಗೆ ವಾಲಿದರೆ ಅಲ್ಲಿ ಸೋರಿಕೆ ಇದೆಯೆಂದು ಅರ್ಥ. ಸಂದು ಮುಚ್ಚಲು ತುಂಬಿದ್ದ ಫೋಮ್ ಬಲು ಬೇಗ ಹೊತ್ತಿಕೊಳ್ಳುವಂಥದು. ಗಾಳಿಯ ಸೆಳೆತಕ್ಕೆ ಜ್ವಾಲೆ ಒಳನುಗ್ಗಿ ಫೋಮ್ ಉರಿಯತೊಡಗಿತು. ಎರಡು ದಿನ ಮೊದಲು ಇದೇ ಬಗೆಯಲ್ಲಿ ಒಂದು ಸಣ್ಣ ಬೆಂಕಿ ಎದ್ದು, ಅದನ್ನು ಆರಿಸಿ, ಮತ್ತೆ ಮೇಣದಬತ್ತಿಯಲ್ಲೇ ಕೆಲಸ ಮುಂದುವರಿಸಿದ್ದರು. ಈ ಸಲ ಬೆಂಕಿ ಏಳು ಗಂಟೆ ಉರಿಯಿತು. 1,600ಕ್ಕೂ ಹೆಚ್ಚು ಕೇಬಲ್‌ಗಳು ಹಾಳಾದವು. ಮೊದಲ ಘಟಕದ ರಿಯಾಕ್ಟರನ್ನು ತುರ್ತಾಗಿ ತಣಿಸುವ ವ್ಯವಸ್ಥೆಗಳು ಒಟ್ಟಿಗೇ ಕೈಬಿಟ್ಟವು. ವಿದ್ಯುತ್ ಕೇಬಲ್‌ಗಳ ಮೇಲೆ ನೀರು ಹಾಕಬಾರದೆಂಬ ಅಳುಕಿನಲ್ಲಿ ಗಂಟೆಗಟ್ಟಲೆ ಕಾದರು. ಕೊನೆಗೆ ನೀರು ಹಾಕಿದ ಮೇಲೆ ಬೆಂಕಿ ಸ್ವಲ್ಪ ಹೊತ್ತಿನಲ್ಲೇ ಆರಿತು.

ಅಮೆರಿಕದ ಅಣು ನಿಯಂತ್ರಣ ಆಯೋಗ ಇದರಿಂದ ಸ್ಪಷ್ಟ ನಿಯಮವೊಂದನ್ನು ರೂಪಿಸಿತು, ಅದು 1981ರಲ್ಲಿ ಜಾರಿಗೆ ಬಂತು. ಒಂದಕ್ಕೆ ಇನ್ನೊಂದು ಬದಲಿಯಾಗಿರುವ ಸುರಕ್ಷತಾ ಕೇಬಲ್‌ಗಳ ನಡುವೆ ಮೂರು ಗಂಟೆ ಬೆಂಕಿ ತಡೆಯುವ ಅಡ್ಡಗೋಡೆ ಇರಬೇಕು. ಅದಿಲ್ಲವಾದರೆ 20 ಅಡಿ ಅಂತರ ಇರಬೇಕು, ನಡುವೆ ಉರಿಯುವ ವಸ್ತು ಇರಬಾರದು, ತಾನಾಗಿ ಬೆಂಕಿ ಗುರುತಿಸಿ ಆರಿಸುವ ವ್ಯವಸ್ಥೆ ಇರಬೇಕು. ಅದೂ ಇಲ್ಲವಾದರೆ ಒಂದು ಗಂಟೆ ತಡೆಯುವ ಹೊದಿಕೆ, ಜೊತೆಗೆ ಬೆಂಕಿ ಆರಿಸುವ ವ್ಯವಸ್ಥೆ. ನರೋರಾದ ಕೇಬಲ್‌ಗಳನ್ನು ಈ ನಿಯಮ ಜಗತ್ತಿಗೇ ಗೊತ್ತಿದ್ದ ಕಾಲದಲ್ಲಿ ಹಾಕಿದ್ದು. ಇದು ಮರೆಯಬಾರದ ಸಂಗತಿ.

ಹಾಗೆಂದು ಅಮೆರಿಕವನ್ನು ಹೊಗಳಿ ಮುಂದಕ್ಕೆ ಹೋಗುವಂತಿಲ್ಲ. ನಿಯಮ ಬರೆದವರೇ ಅದನ್ನು ಜಾರಿ ಮಾಡಲು ಪಟ್ಟ ಪಾಡು ದೊಡ್ಡದು. ಹಳೆಯ ಸ್ಥಾವರಗಳು ವಿನಾಯಿತಿ ಕೇಳಿದವು, ನೂರಾರು ವಿನಾಯಿತಿಗಳು ಸಿಕ್ಕವು. ಕೇಬಲ್‌ಗಳಿಗೆ ಸುತ್ತಲು ಥರ್ಮೋ-ಲ್ಯಾಗ್ ಎಂಬ ಬೆಂಕಿನಿರೋಧಕ ವಸ್ತುವನ್ನು ಹತ್ತಾರು ಸ್ಥಾವರಗಳು ಕೊಂಡವು. ಅದು ಹೇಳಿದಷ್ಟು ಹೊತ್ತು ಬೆಂಕಿ ತಡೆಯುವುದಿಲ್ಲ ಎಂದು 1990ರ ದಶಕದ ಆರಂಭದ ಪರೀಕ್ಷೆಗಳಲ್ಲಿ ತಿಳಿಯಿತು. ಅದನ್ನು ಬದಲಿಸುವವರೆಗೆ ಏನು ಮಾಡುವುದು? ಗಂಟೆಗೊಮ್ಮೆ ಒಬ್ಬ ಮನುಷ್ಯ ಆ ಕೋಣೆಗಳಲ್ಲಿ ಸುತ್ತಿ ಹೊಗೆ ಇದೆಯೇ ಎಂದು ನೋಡಿ ಬರುವುದು. ತಾತ್ಕಾಲಿಕವೆಂದು ಒಪ್ಪಿಕೊಂಡ ಈ ಏರ್ಪಾಡು ಕೆಲವು ಕಡೆ ವರ್ಷಗಟ್ಟಲೆ ನಡೆಯಿತು. 2004ರಲ್ಲಿ ಆಯೋಗ ಮತ್ತೊಂದು ದಾರಿ ತೆರೆಯಿತು. ಸ್ಥಾವರಗಳು ಅಪಾಯದ ಲೆಕ್ಕ ಹಾಕಿ ತಮಗೆ ತಕ್ಕ ರಕ್ಷಣೆ ಮಾಡಿಕೊಳ್ಳಬಹುದು ಎಂದಿತು. ಮೇಣದಬತ್ತಿಯ ಬೆಂಕಿ ಎದ್ದ ಬ್ರೌನ್ಸ್ ಫೆರಿ ಈ ಹೊಸ ದಾರಿಗೆ ಅನುಮತಿ ಪಡೆದದ್ದು 2015ರಲ್ಲಿ. ಬೆಂಕಿಯಿಂದ ಅಲ್ಲಿಗೆ 40 ವರ್ಷ.

ಯಾಕೆ ಹೀಗಾಗುತ್ತದೆ? ದುರುದ್ದೇಶವನ್ನು ಹುಡುಕಿ ಹೊರಟರೆ ಉತ್ತರ ಸಿಗುವುದಿಲ್ಲ. ತಡ ಮಾಡುವ ಪ್ರತಿಯೊಬ್ಬನ ಕೈಯಲ್ಲೂ ಒಂದು ಸಮಂಜಸವಾದ ಕಾರಣ ಇರುತ್ತದೆ. 220 ಮೆಗಾವಾಟಿನ ಒಂದು ಘಟಕ ಒಂದು ದಿನ ನಿಂತರೆ ನಷ್ಟವಾಗುವ ವಿದ್ಯುತ್ತು 52 ಲಕ್ಷ 80 ಸಾವಿರ ಯೂನಿಟ್. ಆ ಯೂನಿಟ್‌ಗಳಿಗೆ ಕಾಯುತ್ತಿರುವ ರಾಜ್ಯಗಳಿವೆ, ಬೇಸಿಗೆಯ ಪಂಪ್‌ಸೆಟ್‌ಗಳಿವೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಬ್ಲೇಡ್ ಬದಲಿಸಲು ಒಂದೆರಡು ದಿನ ಸಾಲದು, ತಿಂಗಳುಗಟ್ಟಲೆ ಬೇಕು. ಹಳೆಯ ಕಟ್ಟಡದಲ್ಲಿ ಕೇಬಲ್‌ಗಳನ್ನು ಬೇರೆ ದಾರಿಯಲ್ಲಿ ಒಯ್ಯಲು ಜಾಗವೇ ಇರುವುದಿಲ್ಲ, ದಪ್ಪ ಕಾಂಕ್ರೀಟನ್ನು ಕೊರೆಯಬೇಕು. ಕೆಲವು ಕೆಲಸಗಳು ವಿಕಿರಣವಿರುವ ಜಾಗದಲ್ಲಿ ನಡೆಯಬೇಕು, ಅಲ್ಲಿ ಒಬ್ಬ ಕೆಲಸಗಾರ ಇಷ್ಟೇ ಹೊತ್ತು ಇರಬಹುದೆಂಬ ಮಿತಿಯಿದೆ. ಇವೆಲ್ಲ ನಿಜವಾದ ಕಷ್ಟಗಳು. ಇವುಗಳ ಪಕ್ಕದಲ್ಲಿ ಇನ್ನೊಂದು ವಾದವೂ ಸದ್ದಿಲ್ಲದೆ ಬಂದು ಕೂರುತ್ತದೆ: ಇಷ್ಟು ವರ್ಷ ಏನೂ ಆಗಿಲ್ಲವಲ್ಲ. ಮೊದಲಿನ ಕಾರಣಗಳನ್ನು ಎಂಜಿನಿಯರುಗಳು ಲೆಕ್ಕ ಹಾಕಬಲ್ಲರು. ಈ ಕೊನೆಯದಕ್ಕೆ ಲೆಕ್ಕವಿಲ್ಲ. ಬ್ಲೇಡ್‌ನ ಬುಡದಲ್ಲಿ ಬಿರುಕು ಬೆಳೆಯುತ್ತಿರುವಾಗ ಹೊರಗೆ ಕಾಣುವುದು ಚೆನ್ನಾಗಿ ಓಡುತ್ತಿರುವ ಯಂತ್ರ ಮಾತ್ರ.

ಜಪಾನಿನ ಕರಾವಳಿಯಲ್ಲಿ 2011ರ ಮಾರ್ಚ್ 11ರಂದು ಈ ತಡದ ಬೆಲೆ ಎಷ್ಟೆಂದು ಜಗತ್ತು ನೋಡಿತು. ಫುಕುಶಿಮಾದ ಕತೆಯನ್ನು ಬಹಳ ಜನ ಕೇಳಿದ್ದಾರೆ, ಆದ್ದರಿಂದ ಇಲ್ಲಿ ಒಂದೇ ಎಳೆ ಸಾಕು. ಸ್ಥಾವರದ ರಕ್ಷಣೆಯ ಲೆಕ್ಕ 5.7 ಮೀಟರ್ ಎತ್ತರದ ಸುನಾಮಿಗೆ ಇತ್ತು. ಸರ್ಕಾರದ ಭೂಕಂಪ ಸಂಶೋಧನಾ ಸಂಸ್ಥೆ 2002ರಲ್ಲಿ ನೀಡಿದ ಅಂದಾಜನ್ನು ಆಧರಿಸಿ, 2008ರಲ್ಲಿ ಸ್ಥಾವರ ನಡೆಸುತ್ತಿದ್ದ ಟೆಪ್ಕೋ ಕಂಪನಿಯೇ ಒಳಗೊಳಗೆ ಮಾಡಿಸಿದ ಲೆಕ್ಕದಲ್ಲಿ 15.7 ಮೀಟರ್ ಎಂಬ ಸಂಖ್ಯೆ ಬಂತು. ಕಂಪನಿ ಗೋಡೆ ಕಟ್ಟಲಿಲ್ಲ, ತಜ್ಞರ ಸಂಘವೊಂದಕ್ಕೆ ಇನ್ನಷ್ಟು ಅಧ್ಯಯನ ಮಾಡಿರೆಂದು ಕೇಳಿಕೊಂಡಿತು. ಆ ಲೆಕ್ಕವನ್ನು ನಿಯಂತ್ರಣ ಸಂಸ್ಥೆಯ ಮುಂದಿಟ್ಟದ್ದು 2011ರ ಮಾರ್ಚ್ 7ರಂದು, ಸಮುದ್ರ ಏರಿ ಬರುವುದಕ್ಕೆ ನಾಲ್ಕು ದಿನ ಮೊದಲು.

ಸುನಾಮಿ ಬಂದ ಅದೇ ದಿನ, ಅದೇ ಸಮುದ್ರ, ಅಲ್ಲಿಂದ ದಕ್ಷಿಣಕ್ಕೆ ತೋಕಾಯ್ ಎಂಬ ಊರಿನ ಇನ್ನೊಂದು ಸ್ಥಾವರ. ಇದರ ಕತೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ, ಆದರೆ ತಡ ಎಂಬುದನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2007ರಲ್ಲಿ ಆ ಊರಿರುವ ಇಬಾರಾಕಿ ಪ್ರಾಂತದ ಆಡಳಿತ ಸುನಾಮಿಯ ಅಂದಾಜನ್ನು ಪರಿಷ್ಕರಿಸಿತು. ಅದನ್ನು ನೋಡಿ ಸ್ಥಾವರದವರು, ತಣಿಸುವ ನೀರೆತ್ತುವ ಪಂಪುಗಳ ಸುತ್ತಲಿನ ಗೋಡೆಯನ್ನು 4.9 ಮೀಟರಿನಿಂದ 6.1 ಮೀಟರಿಗೆ ಎತ್ತರಿಸಿದರು. ಗೋಡೆಯ ಕೆಲಸ 2010ರಲ್ಲಿ ಮುಗಿಯಿತು. ಆರು ತಿಂಗಳಲ್ಲಿ ಸುಮಾರು 5.4 ಮೀಟರ್ ನೀರು ಬಂತು. ಹಳೆಯ ಗೋಡೆ ಇದ್ದಿದ್ದರೆ ಮುಳುಗುತ್ತಿತ್ತು. ಹೊಸ ಗೋಡೆ ತಡೆಯಿತು, ಆದರೆ ಪೂರ್ತಿ ತಡೆಯಲಿಲ್ಲ. ಒಂದು ಪಂಪಿನ ಗುಂಡಿಯಲ್ಲಿ ಪೈಪು ಮತ್ತು ಕೇಬಲ್ ಹಾದುಹೋಗುವ ರಂಧ್ರಗಳನ್ನು ಮುಚ್ಚುವ ಕೆಲಸ ಬಾಕಿಯಿತ್ತು. ಅಲ್ಲಿಂದ ನೀರು ನುಗ್ಗಿ ಆ ಪಂಪು ಕೆಟ್ಟಿತು, ಅದನ್ನು ನೆಚ್ಚಿದ್ದ ಒಂದು ಡೀಸೆಲ್ ಜನರೇಟರ್ ನಿಂತಿತು. ಉಳಿದ ಎರಡು ಜನರೇಟರುಗಳು ಓಡಿದವು, ಸ್ಥಾವರ ಕ್ಷೇಮವಾಗಿ ತಣಿಯಿತು. ಮಾಡಿದ ಕೆಲಸ ಮತ್ತು ಮಾಡದೆ ಉಳಿದ ಕೆಲಸ, ಎರಡರ ಫಲವೂ ಒಂದೇ ಮಧ್ಯಾಹ್ನ, ಒಂದೇ ಆವರಣದಲ್ಲಿ ಕಂಡವು.

ನೀರು ಕೇಬಲ್ ದಾರಿಯಲ್ಲಿ ನುಗ್ಗಬಹುದೆಂಬುದು ಭಾರತಕ್ಕೆ ಮೊದಲೇ ತಿಳಿದಿತ್ತು. ಗುಜರಾತಿನ ಕಾಕ್ರಾಪಾರ್ ಸ್ಥಾವರದಲ್ಲಿ 1994ರ ಜೂನ್‌ನಲ್ಲಿ ಭಾರಿ ಮಳೆಯ ನೀರು ಕೇಬಲ್ ಕಾಲುವೆಗಳ ಮೂಲಕ ಟರ್ಬೈನ್ ಕಟ್ಟಡದ ತಳಮಹಡಿಗೆ ನುಗ್ಗಿತ್ತು. ನರೋರಾದಲ್ಲಿ ಬೆಂಕಿ, ಮರುವರ್ಷ ಕಾಕ್ರಾಪಾರ್‌ನಲ್ಲಿ ನೀರು. ಎರಡಕ್ಕೂ ದಾರಿಯಾದದ್ದು ತಡೆಯಿಲ್ಲದೆ ಬಿಟ್ಟ ಕೇಬಲ್ ದಾರಿಗಳು.

ಆ ವರ್ಷಗಳಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದವರು ಡಾ. ಎ. ಗೋಪಾಲಕೃಷ್ಣನ್. 1993ರಿಂದ 1996ರವರೆಗೆ ಆ ಹುದ್ದೆಯಲ್ಲಿದ್ದ ಅವರು ಒಂದು ಕೆಲಸ ಮಾಡಿಸಿದರು: ದೇಶದ ಎಲ್ಲ ಅಣುಶಕ್ತಿ ಸಂಸ್ಥೆಗಳಲ್ಲಿ ಬಾಕಿ ಉಳಿದಿರುವ ಸುರಕ್ಷತಾ ಕೆಲಸಗಳ ಪಟ್ಟಿ. 1995ರಲ್ಲಿ ಸಿದ್ಧವಾದ ಆ ವರದಿಯಲ್ಲಿ ಸುಮಾರು 130 ಅಂಶಗಳಿದ್ದವು, ಅವುಗಳಲ್ಲಿ 95ರಷ್ಟು ತುರ್ತಿನವು ಎಂದು ಅವರು ನಂತರ ಬರೆದರು. ಅದರಲ್ಲಿ ಎಲ್ಲಕ್ಕಿಂತ ಕಳವಳದ ಮಾತು ಬೇರೆಯೇ ಇತ್ತು. ಕೆಲವು ಕೊರತೆಗಳನ್ನು ಅಣುಶಕ್ತಿ ಇಲಾಖೆಯ ಸಮಿತಿಗಳೇ 1979ರಲ್ಲಿ, ಅಮೆರಿಕದ ತ್ರೀ ಮೈಲ್ ಐಲೆಂಡ್ ಅಪಘಾತದ ಮೇಲೆ ಗುರುತಿಸಿದ್ದವು. ಚೆರ್ನೋಬಿಲ್ ನಂತರ 1987ರಲ್ಲಿ ಮತ್ತೆ ಗುರುತಿಸಿದ್ದವು. 1995ರ ಪಟ್ಟಿಯಲ್ಲಿ ಅವೇ ಮೂರನೆಯ ಸಲ ಕಾಣಿಸಿಕೊಂಡಿದ್ದವು.

ಆ ವರದಿಯನ್ನು ಜನರಿಗೆ ತೋರಿಸಲಿಲ್ಲ. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆ ಮುಂಬಯಿ ಹೈಕೋರ್ಟಿಗೆ ಹೋಯಿತು, ಅಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋಯಿತು. 1962ರ ಅಣುಶಕ್ತಿ ಕಾಯ್ದೆಯ ಗೋಪ್ಯತೆಯ ಅಧಿಕಾರ ಸರಿಯಿದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ತೀರ್ಪಿತ್ತಿತು. ನ್ಯಾಯಾಲಯ ಕಾನೂನಿನ ಪ್ರಶ್ನೆಗೆ ಉತ್ತರ ಕೊಟ್ಟಿತು. ಸ್ಥಾವರದ ಪಕ್ಕದ ಹಳ್ಳಿಯವನ ಪ್ರಶ್ನೆ ಹಾಗೇ ಉಳಿಯಿತು. ಬಾಂಬಿನ ರಹಸ್ಯ ಕಾಯುವುದು ದೇಶಕ್ಕೆ ಬೇಕಾದೀತು. ಆದರೆ ಯಾವ ಪಂಪು ಬದಲಾಗಬೇಕಿತ್ತು, ಯಾವ ವರ್ಷ ಬದಲಾಗಬೇಕಿತ್ತು ಎಂಬುದು ಶತ್ರುವಿಗಿಂತ ನೆರೆಯವನಿಗೆ ಹೆಚ್ಚು ಬೇಕಾದ ಸಂಗತಿ.

ಕೆಲಸ ನಡೆಯಲೇ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ನರೋರಾದ ಬೆಂಕಿಯ ನಂತರ ಟರ್ಬೈನ್ ಬ್ಲೇಡ್‌ಗಳ ವಿನ್ಯಾಸ ಬದಲಾಯಿತು, ಅದೇ ಮಾದರಿಯ ಬೇರೆ ಸ್ಥಾವರಗಳಲ್ಲೂ ತಪಾಸಣೆ ನಡೆದು ಹೊಸ ಬ್ಲೇಡ್‌ಗಳು ಬಂದವು. ಕೇಬಲ್‌ಗಳನ್ನು ಬೇರ್ಪಡಿಸಿ ಬೆಂಕಿತಡೆ ಹಾಕಿದರು. ತಮಿಳುನಾಡಿನ ಕಲ್ಪಾಕ್ಕಂನ ಎರಡು ಘಟಕಗಳು 1984 ಮತ್ತು 1986ರಲ್ಲಿ ಆರಂಭವಾದವು. ಅವುಗಳಿಗೆ ಅಧಿಕ ಒತ್ತಡದಲ್ಲಿ ತುರ್ತು ನೀರು ಹಾಯಿಸುವ ವ್ಯವಸ್ಥೆಯನ್ನು 2002ರಿಂದ 2005ರ ನಡುವೆ, ಒಳಗಿನ ಕೊಳವೆಗಳನ್ನೆಲ್ಲ ಬದಲಿಸಲು ಸ್ಥಾವರ ನಿಲ್ಲಿಸಿದಾಗ ಕೂಡಿಸಿದರು. ತಾರಾಪುರದ ಮೊದಲ ಎರಡು ಘಟಕಗಳು 1969ರವು. ಎರಡೂ ಹಂಚಿಕೊಂಡಿದ್ದ ವ್ಯವಸ್ಥೆಗಳನ್ನು ಬೇರ್ಪಡಿಸಿ, ತುರ್ತು ವಿದ್ಯುತ್ತನ್ನು ಬಲಪಡಿಸಿ, ಪೂರಕ ನಿಯಂತ್ರಣ ಕೊಠಡಿ ಕಟ್ಟಿದ್ದು 2005-06ರಲ್ಲಿ. ಕೆಲಸ ಆಯಿತು, ಚೆನ್ನಾಗಿಯೇ ಆಯಿತು. ನಡುವೆ ಹೋದ ವರ್ಷಗಳನ್ನು ಮಾತ್ರ ಯಾವ ಎಂಜಿನಿಯರೂ ತಿರುಗಿ ತರಲಾರ.

ಫುಕುಶಿಮಾದ ನಂತರ ಭಾರತದ ಸ್ಥಾವರಗಳಲ್ಲಿ ಕರೆಂಟೇ ಇಲ್ಲದಾಗ ಹೊರಗಿನಿಂದ ನೀರು ಹಾಯಿಸಲು ಪೈಪಿನ ಜೋಡಣೆಗಳನ್ನು ಅಳವಡಿಸಿದರು. ಅದರ ಹಿಂದೆ ನರೋರಾದ ಆ ಪಾಳಿಯವರು ಕತ್ತಲೆಯಲ್ಲಿ ಮಾಡಿ ತೋರಿಸಿದ ಕೆಲಸವೇ ಇದೆ. ಆಪತ್ತಿನಲ್ಲಿ ಹೊಳೆದ ಉಪಾಯ ಈಗ ನಿಯಮವಾಗಿದೆ.

ಕರ್ನಾಟಕಕ್ಕೆ ಇದೆಲ್ಲ ದೂರದ ಊರಿನ ಸುದ್ದಿಯಾಗಿ ಉಳಿಯಲಾರದು. ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ದಂಡೆಯಲ್ಲಿ ನರೋರಾದ ಕುಟುಂಬಕ್ಕೇ ಸೇರಿದ ನಾಲ್ಕು ಘಟಕಗಳಿವೆ, ತಲಾ 220 ಮೆಗಾವಾಟ್. ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಈ ಸ್ಥಾವರದ ವಿರುದ್ಧ ಊರೂರು ಸುತ್ತಿದರು, 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿದರು. ಚುನಾವಣೆ ಗೆಲ್ಲಲಿಲ್ಲ, ಸ್ಥಾವರವೂ ನಿಲ್ಲಲಿಲ್ಲ. ಆದರೆ ಉತ್ತರ ಕನ್ನಡದ ಜನ ಪ್ರಶ್ನೆ ಕೇಳುವುದನ್ನು ಕಲಿತರು. 1994ರ ಮೇ 13ರಂದು ಕಟ್ಟುತ್ತಿದ್ದ ಮೊದಲ ಘಟಕದ ಒಳ ಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟ್ ಪದರ ಕಳಚಿ ಬಿತ್ತು. ಇಂಧನ ತುಂಬುವ ಮೊದಲು ಬಿದ್ದದ್ದು ಪುಣ್ಯ. ಗುಮ್ಮಟವನ್ನು ಹೊಸದಾಗಿ ವಿನ್ಯಾಸಗೊಳಿಸಿ, ಹೆಚ್ಚು ಗಟ್ಟಿಯ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದರು. ಕೈಗಾದ ಮೊದಲೆರಡು ಘಟಕಗಳು 2000ರಲ್ಲಿ ವಾಣಿಜ್ಯ ಉತ್ಪಾದನೆಗೆ ಇಳಿದವು. ಗುಮ್ಮಟವನ್ನು ಸರಿಪಡಿಸಲು ಹಿಡಿದ ವರ್ಷಗಳು ಸುರಕ್ಷತೆಗೆಂದು ಕಾದ ವರ್ಷಗಳು. ನರೋರಾದ ಪಾಠವೂ ಅಷ್ಟರಲ್ಲಿ ಕೈಗೆ ಬಂದಿತ್ತು.

ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ಓಡಿ ವಿಶ್ವದಾಖಲೆ ಬರೆಯಿತು. ಅಲ್ಲಿನ ಕೆಲಸಗಾರರ ಹೆಮ್ಮೆಯಲ್ಲಿ ಕನ್ನಡಿಗರೆಲ್ಲರೂ ಪಾಲುದಾರರು. ಇಂಥ ದಾಖಲೆಯ ಹೊತ್ತಿನಲ್ಲೇ ಕೇಳಬೇಕಾದ ಪ್ರಶ್ನೆಯೂ ಒಂದಿದೆ: ನಿಲ್ಲಿಸಿದಾಗ ಮಾತ್ರ ಮಾಡಬಹುದಾದ ಕೆಲಸಗಳು ಯಾವುವು, ಅವು ತಮ್ಮ ಸರದಿಗೆ ಎಷ್ಟು ದಿನ ಕಾದವು? ಪ್ರಶ್ನೆಗೆ ತೃಪ್ತಿಕರ ಉತ್ತರ ಇರಬಹುದು. ಆ ಉತ್ತರ ಜನರ ಕೈಯಲ್ಲೂ ಇರಬೇಕು.

ನಿಯಂತ್ರಿಸುವವನಿಗೆ ಗಟ್ಟಿ ನೆಲ ಇಲ್ಲದಿದ್ದರೆ ಗಡುವಿಗೆ ಬೆಲೆಯಿಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಸರ್ಕಾರದ ಒಂದು ಆದೇಶದಿಂದ ಹುಟ್ಟಿತು. ಮಹಾಲೇಖಪಾಲರು 2012ರ ವರದಿಯಲ್ಲಿ, ಮಂಡಳಿಗೆ ಸ್ವತಂತ್ರ ಅಧಿಕಾರವಿಲ್ಲ ಎಂದರು. 1983ರಲ್ಲೇ ರೂಪಿಸಬೇಕಿದ್ದ ಸುರಕ್ಷತಾ ನೀತಿ ಇನ್ನೂ ಸಿದ್ಧವಾಗಿಲ್ಲ ಎಂದೂ, ಅಗತ್ಯವೆಂದು ಗುರುತಿಸಿದ 168 ಸಂಹಿತೆ ಮತ್ತು ಮಾರ್ಗಸೂಚಿಗಳಲ್ಲಿ 27 ಬಾಕಿಯಿವೆ ಎಂದೂ ಬರೆದರು. ಸ್ವತಂತ್ರ ಪ್ರಾಧಿಕಾರ ರಚಿಸಲು 2011ರಲ್ಲಿ ಮಂಡಿಸಿದ ಮಸೂದೆ, 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಸುರಕ್ಷತೆ ಕಾಯುವ ಸಂಸ್ಥೆಯನ್ನು ಸರಿಪಡಿಸುವ ಕೆಲಸವೇ ಬಾಕಿ ಕೆಲಸಗಳ ಸಾಲಿನಲ್ಲಿ ನಿಂತಿತ್ತು.

ಅಮೆರಿಕದ ಆಯೋಗ ಫುಕುಶಿಮಾದ ಮೇಲೆ, 2012ರ ಮಾರ್ಚ್‌ನಲ್ಲಿ ತನ್ನ ಸ್ಥಾವರಗಳಿಗೆ ಆದೇಶ ಕೊಟ್ಟಿತು. ಕರೆಂಟಿಲ್ಲದಾಗ ತಣಿಸುವ ಹೆಚ್ಚುವರಿ ಸಲಕರಣೆಗೆ ಕೊನೆಯ ಗಡುವು 2016ರ ಡಿಸೆಂಬರ್ 31. ಫುಕುಶಿಮಾ ಬಗೆಯ ರಿಯಾಕ್ಟರುಗಳಿಗೆ ಒಳಗಿನ ಒತ್ತಡ ಹೊರಬಿಡುವ ಗಟ್ಟಿ ಕೊಳವೆಗಳ ಗಡುವು ಮಾತ್ರ ಜಾರಿತು. 2013ರಲ್ಲಿ ಆದೇಶವನ್ನೇ ಬದಲಿಸಿ 2018 ಮತ್ತು 2019ಕ್ಕೆ ಒಯ್ದರು. ಅಲ್ಲಿಯೂ ತಡವಾಯಿತು. ಆದರೆ ಯಾವ ಸ್ಥಾವರ, ಯಾವ ಕೆಲಸ, ಯಾವ ದಿನಾಂಕ, ಯಾಕೆ ಮುಂದೂಡಿದರು ಎಂಬ ಪತ್ರಗಳನ್ನು ಯಾರು ಬೇಕಾದರೂ ತೆಗೆದು ಓದಬಹುದು. ಬ್ರೌನ್ಸ್ ಫೆರಿಯ 40 ವರ್ಷಗಳ ಲೆಕ್ಕವನ್ನು ಇಲ್ಲಿ ಕುಳಿತು ಹೇಳಲು ಸಾಧ್ಯವಾದದ್ದೂ ಅದರಿಂದಲೇ.

ಕೈಗಾದಲ್ಲಿ ತಲಾ 700 ಮೆಗಾವಾಟಿನ ಐದನೆಯ ಮತ್ತು ಆರನೆಯ ಘಟಕಗಳು ಬರಲಿವೆ. ಮೊದಲೆರಡು ಘಟಕಗಳು ಕಾಲು ಶತಮಾನದಷ್ಟು ಹಳೆಯವಾಗಿವೆ. ಸ್ಥಾವರ ಶುರುವಾಗುವ ಮೊದಲೇ ಅಲ್ಲೊಂದು ಪರಿಸರ ಸಮೀಕ್ಷಾ ಪ್ರಯೋಗಾಲಯ ಹುಟ್ಟಿತ್ತು. ನದಿಯ ನೀರು, ಮೀನು, ಹಾಲು, ಭತ್ತ ಇವುಗಳಲ್ಲಿನ ವಿಕಿರಣವನ್ನು ಅದು ಅಳೆಯುತ್ತ ಬಂದಿದೆ. ಅದು ಹೊರಗಿನ ಅಳತೆ. ಒಳಗಿನ ಬಾಕಿ ಕೆಲಸಗಳಿಗೂ ಒಂದು ಪಟ್ಟಿ ಬೇಕು. ಯಾವ ಸುರಕ್ಷತಾ ಸಲಕರಣೆಯನ್ನು ಬದಲಿಸಲು ಸೂಚನೆ ಬಂದಿದೆ, ಯಾವ ದಿನ ಬಂತು, ಗಡುವು ಯಾವುದು, ಮುಂದೂಡಿದ್ದರೆ ಯಾರು ಸಹಿ ಹಾಕಿದರು, ಅಲ್ಲಿಯವರೆಗೆ ಬದಲಿ ಏರ್ಪಾಡು ಏನು ಎಂಬ ಐದು ವಿವರಗಳು ಅದರಲ್ಲಿರಲಿ. ರಕ್ಷಣಾ ರಹಸ್ಯ ಅದರಲ್ಲಿ ಒಂದು ಸಾಲೂ ಇರಬೇಕಾಗಿಲ್ಲ. ವರ್ಷಕ್ಕೊಮ್ಮೆ ಆ ಪಟ್ಟಿ ಕನ್ನಡದಲ್ಲಿ ಅಚ್ಚಾಗಿ ಕಾರವಾರದ ತಾಲ್ಲೂಕು ಕಚೇರಿಯಲ್ಲೂ, ಕದ್ರಾ ಮತ್ತು ಮಲ್ಲಾಪುರದ ಪಂಚಾಯಿತಿಗಳಲ್ಲೂ ಸಿಗುವಂತಾಗಬೇಕು.